ಅಮ್ಮ ಸುಮ್ಮನೆ ಕೂತ ಆ ಸಂಜೆ

ಈ ಕಡೆ ತಲೆ ಹಾಕಿ ಬಹಳ ದಿನವಾಯ್ತು. ಎರಡು ದಿನ ಎಲ್ಲಾದರೂ ಹೋಗಿ ಸುಮ್ಮನೆ ಬಿದ್ದುಕೊಂಡು ಬರಬೇಕು ಅಂತ ನೀವೂ ಅಂದುಕೊಳ್ಳುತ್ತಲೇ ಇರ್ತೀರಲ್ಲ? ನಾನೂ ಹಾಗೇ ಅಂದುಕೊಳ್ಳುತ್ತಾ ವರ್ಷ ಕಳೆದಿದ್ದೆ. ಕೊನೆಗೂ ಸೆಪ್ಟೆಂಬರಿನಲ್ಲಿ ಹೋಗಿ ಬಂದೆ. ಕುಂದಾಪುರ ದಾಟಿ ಮರವಂತೆ ಕಡೆ, ಕಡಲಿಗೆ ಐದು ನಿಮಿಷದ ನಡಿಗೆಯಲ್ಲಿರುವ ಒಂದು ಹಳೆಯ ಹಂಚಿನ ಮನೆ. ಈಗ ಅದು ಹೋಂಸ್ಟೇ.

ಜೊತೆಗೆ ಅಮ್ಮನನ್ನೂ ಹೊರಡಿಸಿದ್ದೆ. "ನಮ್ಮನೆ ಜಗಲಿ ಬಿಟ್ಟು ಇನ್ನೊಬ್ರ ಮನೆ ಜಗಲಿ ಮೇಲೆ ದುಡ್ಡು ಕೊಟ್ಟು ಕೂರೋದಾ?" ಅಂತ ನಕ್ಕರು. ಕೊಟ್ಟಿಗೆ ಅಪ್ಪ ನೋಡಿಕೊಳ್ಳುತ್ತೇನೆ ಅಂದಮೇಲೆ ಒಪ್ಪಿದರು. ಹುಲಿಕಲ್ ಘಾಟಿ ಇಳಿದು ಹೋದೆವು.

ಮರವಂತೆ ನಿಮಗೆ ಗೊತ್ತಲ್ಲ, ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆದು ಮುರುಡೇಶ್ವರಕ್ಕೋ ಕೊಲ್ಲೂರಿಗೋ ಓಡುತ್ತಾರೆ. ನಾನೂ ಹಿಂದೆ ಹಾಗೇ ಓಡಿದವನೇ. ಈ ಸಲ ಮಾತ್ರ ನೋಡುವ ಜಾಗಗಳ ಪಟ್ಟಿಯನ್ನೇ ಮಾಡಿರಲಿಲ್ಲ. ಕಾವಿ ನೆಲ, ಜಗಲಿಯ ಮರದ ಕಂಬಗಳು, ಅಂಗಳದಾಚೆ ತೆಂಗಿನ ಸಾಲು, ಅದರಾಚೆ ಕಡಲಿನ ಸದ್ದು. ಆಗಾಗ ಒಂದು ಮಳೆ. ನನಗೆ ಅಷ್ಟು ಸಾಕಾಗಿತ್ತು.

ಆದರೆ ಅಮ್ಮನಿಗೆ ಕೂರಲಿಕ್ಕೇ ಬರಲಿಲ್ಲ!

ಬೆಳಗ್ಗೆ ಏಳುವಾಗ ನೋಡಿದರೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಮನೆಯ ಅಕ್ಕ ನೀರುದೋಸೆ ಹುಯ್ಯುತ್ತಿದ್ದರು. ಅಮ್ಮ ಕಾಯಿ ತುರಿಯುತ್ತೇನೆ ಅಂದರು. "ಅಯ್ಯೋ, ನೀವ್ ಕೂಕಣಿ ಅಮ್ಮ" ಅಂತ ಅಕ್ಕ ಕುರ್ಚಿ ತಂದಿಟ್ಟರು. ಕೂತದ್ದು ಎರಡು ನಿಮಿಷ. ಆಮೇಲೆ ತಟ್ಟೆ ಎತ್ತಲು ಹೋದರು, ಹಗ್ಗದ ಮೇಲಿನ ಬಟ್ಟೆ ಮಗುಚಲು ಹೋದರು. ನಾನು ಗದರಿದೆ. "ಸುಮ್ನೆ ಕೂತ್ಕಂಡ್ರೆ ಸೊಂಟ ಹಿಡ್ಕಳತ್ತೆ ಕಣೋ" ಅಂದರು. ಮಧ್ಯಾಹ್ನ ಅಪ್ಪನ ಫೋನು: ಸಾಸಿವೆ ಡಬ್ಬಿ ಎಲ್ಲಿದೆ? ನಲವತ್ತು ವರ್ಷದಿಂದ ಅದೇ ಜಾಗದಲ್ಲಿರುವ ಡಬ್ಬಿ :)

ಅಲ್ಲಿ ಜಗಲಿಯ ಮೇಲೆ ಕೂತು ನಾನು ಯೋಚಿಸಿದ್ದು ಇಷ್ಟೇ. ನಾವು "ವಿಶ್ರಾಂತಿ" ಅಂತ ದುಡ್ಡು ಕೊಟ್ಟು ಕೊಳ್ಳುವುದು ಕಡಲನ್ನಲ್ಲ, ಕಡಲು ಪುಕ್ಕಟೆ. ಕೊಳ್ಳುವುದು ಇನ್ನೊಬ್ಬರ ಕೆಲಸವನ್ನು. ಹಿಂದಿನ ರಾತ್ರಿಯೇ ಅಕ್ಕಿ ನೆನೆಹಾಕಿದ್ದರೆ ಬೆಳಗ್ಗೆ ನೀರುದೋಸೆ. ಉಪ್ಪುಗಾಳಿಗೆ ಕಿಟಕಿಯ ಸರಳು, ಬಾಗಿಲ ಚಿಲಕ ಎಲ್ಲಾ ತುಕ್ಕು. ಹಂಚಿಗೆ ಪಾಚಿ. ಒಡೆದದ್ದನ್ನು ಪ್ರತಿ ಮಳೆಗಾಲದ ಮೊದಲು ಬದಲಾಯಿಸಬೇಕು, ಈಗ ಅದಕ್ಕೆ ಏರುವವರು ಸಿಗುವುದೇ ಕಷ್ಟ. ಮಳೆಯಲ್ಲಿ ಹಾಸಿಗೆಯ ಬಟ್ಟೆ ಒಣಗುವುದಿಲ್ಲ, ಆದರೂ ನಮ್ಮ ಕೋಣೆಯದ್ದು ಗರಿಗರಿಯಾಗಿತ್ತು. ಹೇಗೆ ಒಣಗಿಸಿದರೋ! ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸವಿರಬೇಕು, ಅದು ಅದರ ಮೂಲ ಷರತ್ತು. ಹಾಗಾಗಿ ಹೋಟೆಲಿನವರ ಹಾಗೆ ಪಾಳಿ ಮುಗಿಸಿ ಮನೆಗೆ ಹೋಗುವ ಹಾಗೂ ಇಲ್ಲ. ಮನೆಯೇ ಪಾಳಿ.

"ತೆಂಗಿನಕಾಯಿ ಅವರದ್ದೇ, ಮನೆ ಅಜ್ಜನ ಕಾಲದ್ದು, ಅಷ್ಟು ರೇಟ್ ಯಾಕೆ?" ಅಂತ ಚೌಕಾಸಿ ಮಾಡುವ ಗೆಳೆಯರು ನನಗಿದ್ದಾರೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ. ಸ್ಟಾರ್ ಹೋಟೆಲಿನಲ್ಲಿ ಮರುಮಾತಾಡದೆ ಕಾರ್ಡು ಉಜ್ಜುವವರು ಇಲ್ಲಿ ಚೌಕಾಸಿಗೆ ಇಳಿಯುತ್ತೇವೆ. ಕಾರಣ ಸರಳ. ಮನೆಯೊಳಗಿನ ಕೆಲಸಕ್ಕೆ ಬೆಲೆ ಕಟ್ಟಿ ನಮಗೆ ಅಭ್ಯಾಸವೇ ಇಲ್ಲ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ನೋಡಿ: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97. ಹತ್ತಿರ ಹತ್ತಿರ ಐದು ಗಂಟೆ. ಭಾನುವಾರವೂ ಸೇರಿ.

ಆ ಅಕ್ಕನಿಗೆ ದೋಸೆ ಚೆನ್ನಾಗಿದೆ ಅಂತ ಮೂರು ಸಲ ಹೇಳಿದೆ. ಅಮ್ಮ ಪಕ್ಕದಲ್ಲೇ ಇದ್ದರು. ಅವರಿಗೆ ಹಾಗೆ ಹೇಳಿದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ. ಸಿಗಲಿಲ್ಲ.

ಎರಡನೇ ದಿನ ಸಂಜೆ ಮಳೆ ಬಿಟ್ಟಿತ್ತು. ಕಡಲ್ಕೊರೆತಕ್ಕೆ ಹಾಕಿದ ಬಂಡೆಗಳ ಹತ್ತಿರ ಹೋಗಿ ಕೂತೆವು. ಜುಲೈ ಕೊನೆಗೆ ಮೀನುಗಾರಿಕೆ ನಿಷೇಧದ 61 ದಿನ ಮುಗಿದಿತ್ತಲ್ಲ, ದೂರದಲ್ಲಿ ಬೋಟುಗಳು ಕಾಣುತ್ತಿದ್ದವು. ಅಮ್ಮ ಮಾತಾಡಲಿಲ್ಲ. ಕೈಯಲ್ಲಿ ಕೆಲಸ ಇರಲಿಲ್ಲ. ಮುಕ್ಕಾಲು ಗಂಟೆ ಹಾಗೇ ಕೂತಿದ್ದರು. ಕತ್ತಲಾಯ್ತು, ಹೋಗೋಣ ಅಂದದ್ದು ನಾನೇ. "ಇನ್ನೊಂದ್ ಸ್ವಲ್ಪ ಹೊತ್ತು" ಅಂದರು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಇಂಥ ಮನೆಗಳಿಗೆ ಹೋಗಿ, ಪಟ್ಟಿ ಹಿಡಿದು ಓಡಬೇಡಿ, ಕೇಳಿದಷ್ಟು ಕೊಟ್ಟು ಬನ್ನಿ. ಸಾಧ್ಯವಾದರೆ, ನಿಮಗೆ ಇಷ್ಟು ವರ್ಷ ವಿಶ್ರಾಂತಿ ಕೊಟ್ಟವರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದೇ ದಿನ ಇದ್ದು ಬರಬೇಡಿ ಮಾತ್ರ. ಅವರಿಗೆ ಕೂರಲು ಕಲಿಯಲಿಕ್ಕೇ ಒಂದು ದಿನ ಬೇಕು.

ಇದನ್ನೆಲ್ಲಾ ಬರೆದು ದೊಡ್ಡವನಾದೆ ಅಂದುಕೊಳ್ಳಬೇಡಿ. ಊರಿಗೆ ವಾಪಸ್ಸು ಬಂದ ಮರುದಿನ ಬೆಳಗ್ಗೆ ಐದೂವರೆಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯ್ತು. ನನಗೆ ಎಚ್ಚರವಾಗಿತ್ತು. ಕಂಬಳಿ ಎಳೆದುಕೊಂಡು ಮಗ್ಗುಲು ಬದಲಿಸಿದೆ. ಆಮೇಲೆ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ನಿಮ್ಮ ಮನೆಯಲ್ಲಿ ಹೇಗೆ? ಹೇಳಿ.