ನಲವತ್ತು ಕೇಳುಗರ ಲೈವ್ ಕಚೇರಿ

2020ರ ಏಪ್ರಿಲ್ ಕೊನೆಯಲ್ಲಿ, ಜಗತ್ತಿನ ಬಹುಪಾಲು ಜನ ಮನೆಯೊಳಗೇ ಉಳಿದಿದ್ದಾಗ, ಫೋರ್ಟ್‌ನೈಟ್ ಎಂಬ ಆನ್‌ಲೈನ್ ಆಟದೊಳಗೆ ಅಮೆರಿಕದ ರ‍್ಯಾಪ್ ಗಾಯಕ ಟ್ರಾವಿಸ್ ಸ್ಕಾಟ್ ಬೆಟ್ಟದೆತ್ತರದ ರೂಪದಲ್ಲಿ ಕಾಣಿಸಿಕೊಂಡರು. ಮೊದಲ ಪ್ರದರ್ಶನವೊಂದಕ್ಕೇ ಏಕಕಾಲದಲ್ಲಿ 1.23 ಕೋಟಿ ಆಟಗಾರರು ಸೇರಿದ್ದರೆಂದು ಕಂಪನಿ ಲೆಕ್ಕ ಕೊಟ್ಟಿತು. ಲೈವ್ ಸಂಗೀತದ ನಾಳೆ ಇದೇ ಎಂಬ ಮಾತೂ ಹುಟ್ಟಿಕೊಂಡಿತು. ನನ್ನ ತಕರಾರು ಇರುವುದು ‘ಲೈವ್’ ಎಂಬ ಆ ಪದದ ಬಗ್ಗೆ. ಸುಮಾರು ಹತ್ತು ನಿಮಿಷದ ಆ ಪ್ರದರ್ಶನ ಮೊದಲೇ ತಯಾರಾಗಿದ್ದ ಅನಿಮೇಷನ್. ಮೂರು ದಿನಗಳಲ್ಲಿ ಐದು ಬಾರಿ ಅದನ್ನೇ ಹಾಕಿದರು. ನೋಡಲು ಅದ್ಭುತವಾಗಿತ್ತು, ಅನುಮಾನವಿಲ್ಲ. ಆದರೆ ಕೇಳುಗರು ಕುಣಿದರೂ ಅಷ್ಟೆ, ಎದ್ದು ಹೋದರೂ ಅಷ್ಟೆ, ಒಂದು ಸ್ವರವೂ ಆಚೀಚೆ ಆಗುವಂತಿರಲಿಲ್ಲ. ಎದುರಿಗಿರುವವರಿಂದ ಹಾಡು ಬದಲಾಗಬಹುದು ಎಂಬ ಸಾಧ್ಯತೆಯೇ ಕಚೇರಿಯ ಜೀವ. ಆ ಜೀವ ವರ್ಚುವಲ್ ಲೋಕಗಳಲ್ಲಿ ಖಂಡಿತ ಇದೆ, ಆದರೆ ಕೋಟಿ ಜನ ಸೇರುವಲ್ಲಿ ಅಲ್ಲ.

ಅದು ಸಿಗುವುದು ಸೆಕೆಂಡ್ ಲೈಫ್‌ನಂಥ ಕಡೆ. ಸ್ಯಾನ್‌ಫ್ರಾನ್ಸಿಸ್ಕೊದ ಲಿಂಡನ್ ಲ್ಯಾಬ್ 2003ರಲ್ಲಿ ತೆರೆದ ಈ ಲೋಕದಲ್ಲಿ ಗೆಲ್ಲುವ ಸೋಲುವ ಆಟವಿಲ್ಲ. ಜನ ತಮ್ಮ ‘ಅವತಾರ’ಗಳ ಮೂಲಕ ಓಡಾಡುತ್ತಾರೆ, ಮನೆ ಕಟ್ಟುತ್ತಾರೆ, ಸಂಜೆ ಹಾಡು ಕೇಳಲು ಸೇರುತ್ತಾರೆ. ಅಮೆರಿಕದ ಗಾಯಕಿ ಸುಜಾನ್ ವೇಗಾ 2006ರಲ್ಲೇ ಇಲ್ಲಿ ಹಾಡಿದರು. ಮರುವರ್ಷ ರಾಯಲ್ ಲಿವರ್‌ಪೂಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದವೂ ನುಡಿಸಿತು. ಆದರೆ ಇದನ್ನು ಬದುಕಿಸಿಟ್ಟವರು ಹೆಸರಾಂತರಲ್ಲ, ತಮ್ಮ ಮನೆಯ ಕೋಣೆಯಿಂದ ಹಾಡುವವರು. ಗಾಯಕಿಯ ಮೈಕ್‌ನ ದನಿ ಮಿಕ್ಸರ್ ದಾಟಿ, ದನಿಯನ್ನು ಅಂತರ್ಜಾಲದಲ್ಲಿ ಪ್ರಸಾರ ಮಾಡುವ ಬಾಡಿಗೆಯ ಶೌಟ್‌ಕಾಸ್ಟ್ ಸರ್ವರ್‌ಗೆ ಹೋಗುತ್ತದೆ. ಆ ಸರ್ವರ್‌ನ ವಿಳಾಸವನ್ನು ವೇದಿಕೆಯಿರುವ ಜಾಗದ ಮಾಲೀಕರು ತಮ್ಮ ನೆಲಕ್ಕೆ ಜೋಡಿಸುತ್ತಾರೆ. ಅಲ್ಲಿಗೆ ಕಾಲಿಟ್ಟವರ ಕಂಪ್ಯೂಟರ್‌ನಲ್ಲಿ ಹಾಡು ಕೇಳತೊಡಗುತ್ತದೆ. ಒಂದು ಪ್ರದೇಶಕ್ಕೆ ಹಿಡಿಯುವುದೇ ಕೆಲವು ಹತ್ತು ಅವತಾರಗಳು, ಹೆಚ್ಚೆಂದರೆ ನೂರರ ಆಸುಪಾಸು. ಇನ್ನೂ ಹೆಚ್ಚು ಜನ ಬೇಕೆಂದರೆ ನಾಲ್ಕು ಪ್ರದೇಶಗಳ ಮೂಲೆ ಕೂಡುವ ಕಡೆ ವೇದಿಕೆ ಕಟ್ಟುತ್ತಾರೆ. ನಲವತ್ತು ಜನ ಕೂತಲ್ಲಿ ಹಾಡುವವರಿಗೆ ಪ್ರತಿಯೊಬ್ಬರ ಹೆಸರೂ ಪರದೆಯ ಮೇಲೆ ಕಾಣುತ್ತದೆ. ಬಂದವರನ್ನು ಹೆಸರು ಹಿಡಿದು ಮಾತನಾಡಿಸಬಹುದು, ಕೇಳಿಕೆಯ ಹಾಡು ಎತ್ತಿಕೊಳ್ಳಬಹುದು, ಹಿಡಿಸದ ಹಾಡನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಬಹುದು.

ಬೊಂಬೆಗಳ ನಡುವೆ ಎಂಥ ಕಚೇರಿ, ಪಕ್ಕದವರ ಮೈಬಿಸಿಯಿಲ್ಲದೆ ರಸವೆಲ್ಲಿ ಎಂದು ಕೇಳುವವರಿದ್ದಾರೆ. ಧಾರವಾಡದ ಬೈಠಕ್‌ಗಳಲ್ಲಿ ತಂಬೂರಿಯ ಪಕ್ಕದಲ್ಲೇ ಕೂತು ಕೇಳಿದವರ ನಾಡಿನಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಹಾಡುವವರಿಂದ ಕೇಳುವವರನ್ನು ದೂರ ಮಾಡಿದ್ದರಲ್ಲಿ ವರ್ಚುವಲ್ ಲೋಕಕ್ಕಿಂತ ರೇಡಿಯೊ ಮೊದಲು. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ ಕಾಲದಿಂದಲೂ ನಾವು ಕಾಣದ ಗಾಯಕರಿಗೆ ತಲೆದೂಗಿದವರು. ನಮ್ಮ ತಲೆದೂಗು ಮಾತ್ರ ಅವರಿಗೆ ತಲುಪುತ್ತಿರಲಿಲ್ಲ. ಲಾಕ್‌ಡೌನ್‌ನಲ್ಲಿ ನಮ್ಮ ಕಲಾವಿದರು ಮೊಬೈಲ್ ಮುಂದೆ ಕೂತು ಫೇಸ್‌ಬುಕ್ ಲೈವ್ ಹಾಡಿದಾಗ ಮೆಚ್ಚುಗೆಯ ಸಾಲುಗಳೇನೋ ಬಂದವು, ಆದರೆ ಕೇಳುಗರು ಒಬ್ಬೊಬ್ಬರೂ ಒಂಟಿಯಾಗಿಯೇ ಉಳಿದರು. ವರ್ಚುವಲ್ ಸಭಾಂಗಣದಲ್ಲಿ ಯಾರ ಪಕ್ಕ ನಿಲ್ಲಬೇಕು, ಯಾರೊಡನೆ ಕುಣಿಯಬೇಕು ಎಂಬ ಆಯ್ಕೆ ಇರುತ್ತದೆ. ಮೈಬಿಸಿ ಇಲ್ಲ, ನಿಜ. ಆದರೆ ‘ಸಭೆ’ ಇದೆ. ರೇಡಿಯೊ ಕಿತ್ತುಕೊಂಡದ್ದರಲ್ಲಿ ಅಷ್ಟಾದರೂ ಮರಳಿ ಬಂದಿದೆ.

ಇದಕ್ಕಿಂತ ಗಟ್ಟಿ ಆಕ್ಷೇಪ ಹಣದ್ದು. ವೇದಿಕೆಯ ಪಕ್ಕದ ಕಾಣಿಕೆ ಡಬ್ಬಿಗೆ ಕೇಳುಗರು ಹಾಕುವ ಲಿಂಡನ್ ಡಾಲರನ್ನು ನಿಜವಾದ ಡಾಲರಾಗಿ ಬದಲಿಸಿಕೊಳ್ಳಬಹುದಾದರೂ, ಹೆಚ್ಚಿನವರಿಗೆ ಅದರಿಂದ ಸಂಸಾರ ಸಾಗದು. ಹಾಗೆಂದು ಕೋಟಿ ಜನರ ಪ್ರದರ್ಶನ ಇದಕ್ಕೆ ಪರಿಹಾರವೂ ಅಲ್ಲ. ಅಲ್ಲಿ ಜಾಗವಿರುವುದು ಆಗಲೇ ತಾರೆಗಳಾದ ಬೆರಳೆಣಿಕೆಯ ಮಂದಿಗೆ. ಜಾಗದ ಬಾಡಿಗೆಯನ್ನೂ ಕಲಾವಿದರ ಸಂಭಾವನೆಯನ್ನೂ ಕೈಯಿಂದ ಹಾಕಿ ಸಣ್ಣ ವೇದಿಕೆ ನಡೆಸುವವರೇ ಇಲ್ಲಿನ ಆಧಾರ. ವರ್ಚುವಲ್ ಲೋಕ ಕಟ್ಟುವ ಕಂಪನಿಗಳಿಗೆ ಸಂಗೀತದ ಮೇಲೆ ನಿಜವಾದ ಕಾಳಜಿ ಇದ್ದರೆ, ಆ ಬಾಡಿಗೆ ಇಳಿಸುವುದರಿಂದ ಶುರುಮಾಡಲಿ.

ಉಳಿದದ್ದು ತಡದ ಮಾತು. ದನಿ ಕೇಳುಗರಿಗೆ ತಲುಪಲು ಹಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷವೂ ಹಿಡಿಯುತ್ತದೆ. ಚಾಟ್‌ನ ಅಕ್ಷರ ಮಾತ್ರ ಥಟ್ಟನೆ ಬರುತ್ತದೆ. ಹೀಗಾಗಿ ಎರಡು ಊರಿನ ಇಬ್ಬರು ಜೊತೆಯಾಗಿ ನುಡಿಸುವುದಾದರೆ, ಮೊದಲನೆಯವರು ಎರಡನೆಯವರನ್ನು ಕೇಳಿಸಿಕೊಳ್ಳದೆಯೇ ನುಡಿಸಬೇಕು. ಇದು ಕೊರತೆಯೇ, ಮುಚ್ಚಿಡುವುದು ಬೇಡ. ಆದರೆ ಒಬ್ಬರೇ ಹಾಡುವಾಗ ಆ ತಡಕ್ಕೂ ದಾರಿ ಕಂಡುಕೊಂಡಿದ್ದಾರೆ. ಕೊನೆಯ ಸಾಲು ಮುಗಿದ ಕೂಡಲೇ ಮುಂದಿನ ಹಾಡಿಗೆ ಹೋದರೆ ಚಪ್ಪಾಳೆ ಅದರ ನಡುವೆ ಬಂದು ಬೀಳುತ್ತದೆ. ಪಳಗಿದವರು ಹಾಗೆ ಮಾಡುವುದಿಲ್ಲ. ಗಿಟಾರಿನ ತಂತಿ ಬಿಗಿಯುತ್ತಾ, ನಾಲ್ಕು ಮಾತಾಡುತ್ತಾ ಚಾಟ್ ಕಡೆ ಕಣ್ಣಿಟ್ಟಿರುತ್ತಾರೆ. ತಮ್ಮ ಕೋಣೆಯಲ್ಲಿ ಆಗಲೇ ಮುಗಿದ ಹಾಡು ದೂರದಲ್ಲಿ ಈಗ ಮುಗಿಯುತ್ತಿರುತ್ತದೆ. ಮೊದಲ ಹೆಸರಿನ ಮುಂದೆ ಚಪ್ಪಾಳೆ ಕಾಣಿಸುತ್ತದೆ, ಆಮೇಲೆ ಇನ್ನೊಂದು, ಆಮೇಲೆ ಒಟ್ಟಿಗೇ ಹತ್ತು.