ಹೊರೆ ಇಳಿಸಲು ಹೋಗಿ ಬುನಾದಿ ಕಿತ್ತರು

ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಆವರ್ತ ಕೋಷ್ಟಕದ ಅಧ್ಯಾಯವನ್ನು ಕೈಬಿಟ್ಟದ್ದು ದೊಡ್ಡ ತಪ್ಪು. ಅದು ಮರಳಿ ಬರಲೇಬೇಕು. ಕೋವಿಡ್‌ನಿಂದ ಪಾಠ ಹಿಂದೆ ಬಿದ್ದಿದೆ, ಮಕ್ಕಳ ಮೇಲಿನ ಹೊರೆ ಇಳಿಸಬೇಕು ಎಂಬ ಕಾರಣ ಕೊಟ್ಟು 2022ರಲ್ಲಿ ಹಲವು ಅಧ್ಯಾಯಗಳಿಗೆ ಕತ್ತರಿ ಹಾಕಲಾಯಿತು. ಮರುವರ್ಷ ಗದ್ದಲ ಎದ್ದದ್ದು ಹೆಚ್ಚಾಗಿ ಡಾರ್ವಿನ್‌ನ ವಿಕಾಸವಾದವನ್ನು ಕೈಬಿಟ್ಟ ವಿಚಾರದಲ್ಲಿ. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹಾಕಬೇಕಾದದ್ದೇ. ಆದರೆ ಆ ಗದ್ದಲದಲ್ಲಿ ಆವರ್ತ ಕೋಷ್ಟಕ ಕೊಟ್ಟ ಮೆಂಡೆಲೀವ್ ಮೂಲೆಗೆ ಸರಿದ.

ವಿರೋಧ ಬಂದಾಗ ಸಿಕ್ಕ ಸಮಜಾಯಿಷಿ ಇಷ್ಟೇ: ಆವರ್ತ ಕೋಷ್ಟಕ ಹನ್ನೊಂದನೇ ತರಗತಿಯಲ್ಲಿ ಇದ್ದೇ ಇದೆ, ಎಲ್ಲಿಗೂ ಹೋಗಿಲ್ಲ. ಹೌದು, ಇದೆ. ಯಾರಿಗೆ ಇದೆ? ಪಿಯುಸಿಗೆ ವಿಜ್ಞಾನ ತೆಗೆದುಕೊಂಡವರಿಗೆ ಮಾತ್ರ. ಕಾಮರ್ಸ್, ಆರ್ಟ್ಸ್, ಐಟಿಐಗೆ ಹೋಗುವ, ಓದನ್ನೇ ಬಿಟ್ಟು ಕೆಲಸಕ್ಕೆ ಸೇರುವ ಮಕ್ಕಳಿಗೆ ಹತ್ತನೇ ತರಗತಿಯೇ ರಸಾಯನಶಾಸ್ತ್ರದ ಕೊನೆಯ ತರಗತಿ. ಜಗತ್ತಿನಲ್ಲಿರುವ ಅಷ್ಟೂ ವಸ್ತು ನೂರ ಚಿಲ್ಲರೆ ಧಾತುಗಳಿಂದಾದದ್ದು, ಆ ಧಾತುಗಳ ಸ್ವಭಾವಕ್ಕೊಂದು ಕ್ರಮವಿದೆ ಎಂಬ ತಿಳಿವಳಿಕೆ ವಿಜ್ಞಾನ ಓದುವವರ ಆಸ್ತಿಯಲ್ಲ. ಅದೇ ಪುಸ್ತಕದಿಂದ ಶಕ್ತಿಯ ಮೂಲಗಳ ಅಧ್ಯಾಯ, ನೈಸರ್ಗಿಕ ಸಂಪನ್ಮೂಲಗಳ ಅಧ್ಯಾಯ ಕೂಡ ಹೋಗಿವೆ. ಅದಕ್ಕೂ ಇದೇ ಮಾತು.

ಇನ್ನು ವಿಜ್ಞಾನವನ್ನೇ ಆರಿಸಿಕೊಂಡು ಬಿಎಸ್‌ಸಿವರೆಗೆ ಬರುವವರ ಕಥೆ. ಪಿಯುಸಿಯ ಎರಡು ವರ್ಷ ಸಿಇಟಿ, ನೀಟ್ ತಯಾರಿಗೇ ಸರಿಹೋಗುತ್ತದೆ. ಅಲ್ಲಿ ಆವರ್ತ ಕೋಷ್ಟಕ ಎಂದರೆ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವ ವಿಷಯ. ಮೊದಲ ಸಲ ನೋಡಿ ಬೆರಗಾಗಲು ಅಲ್ಲಿ ಪುರುಸೊತ್ತಿಲ್ಲ. ಆ ಬೆರಗು ಅದಕ್ಕೆ ಮುಂಚೆಯೇ, ಪೈಪೋಟಿ ಶುರುವಾಗುವ ಮೊದಲೇ ಆಗಿರಬೇಕು.

ಪದವಿ ಮೊದಲ ವರ್ಷದ ಲ್ಯಾಬಿನಲ್ಲಿ ಆ ಬೆರಗು ಇಲ್ಲದ್ದರ ಫಲ ಕಣ್ಣಿಗೆ ಕಾಣುತ್ತದೆ. ಲವಣ ಪರೀಕ್ಷೆಯ ದಿನ ಮೂರು ಟೆಸ್ಟ್ ಟ್ಯೂಬುಗಳಿಗೆ ಸಿಲ್ವರ್ ನೈಟ್ರೇಟ್ ಹಾಕಿಸಿ ನೋಡಿ. ಕ್ಲೋರೈಡ್ ಇದ್ದರೆ ಬಿಳಿ ಒತ್ತರ, ಬ್ರೋಮೈಡ್‌ಗೆ ತೆಳು ಹಳದಿ, ಅಯೋಡೈಡ್‌ಗೆ ಗಾಢ ಹಳದಿ. ಅಮೋನಿಯಾ ಹಾಕಿದರೆ ಮೊದಲನೆಯದು ಸಲೀಸಾಗಿ ಕರಗುತ್ತದೆ, ಎರಡನೆಯದಕ್ಕೆ ಅಮೋನಿಯಾ ಸಾಂದ್ರವಾಗಿರಬೇಕು, ಮೂರನೆಯದು ಜಪ್ಪಯ್ಯ ಎಂದರೂ ಕರಗುವುದಿಲ್ಲ. ಇಷ್ಟನ್ನೂ ವಿದ್ಯಾರ್ಥಿಗಳು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆಯುತ್ತಾರೆ, ವೈವಾದಲ್ಲಿ ಕೇಳಿದರೆ ತಪ್ಪಿಲ್ಲದೆ ಹೇಳುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅವರ ಪಾಲಿಗೆ ಇವು ಉರು ಹೊಡೆಯಬೇಕಾದ ಬೇರೆಬೇರೆ ಸಂಗತಿಗಳು. ಆದರೆ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂದೇ ಗುಂಪಿನಲ್ಲಿ ಒಂದರ ಕೆಳಗೊಂದು ಕೂತಿರುವುದು ಮನಸ್ಸಿನಲ್ಲಿದ್ದವರಿಗೆ ಹಾಗಲ್ಲ. ಕೆಳಗಿಳಿದಂತೆ ಅಯಾನು ದೊಡ್ಡದಾಗುತ್ತದೆ, ಬೆಳ್ಳಿಯ ಜೊತೆಗಿನ ಬಂಧದ ಸ್ವರೂಪ ಬದಲಾಗುತ್ತದೆ, ಕರಗುವ ಗುಣ ಕುಗ್ಗುತ್ತದೆ. ನೆನಪಿಡಬೇಕಾದದ್ದು ಆಗ ಒಂದೇ ಸಂಗತಿ.

ಹಾಗಿರುವಾಗ ಹೊರೆ ಇಳಿಸಲು ಇದನ್ನೇ ತೆಗೆದವರ ಲೆಕ್ಕಾಚಾರ ನನಗೆ ಅರ್ಥವಾಗುವುದಿಲ್ಲ. ಚರಿತ್ರೆಯೂ ಅವರ ಪರವಾಗಿಲ್ಲ. 1860ರ ದಶಕದ ಕೊನೆಯಲ್ಲಿ ಮೆಂಡೆಲೀವ್ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ರಸಾಯನಶಾಸ್ತ್ರದ ಪ್ರಾಧ್ಯಾಪಕ. ತಕ್ಕ ಪುಸ್ತಕ ಸಿಗದೆ ತಾನೇ ವಿದ್ಯಾರ್ಥಿಗಳಿಗೆ ಪಠ್ಯ ಬರೆಯಲು ಕೂತ. ಮೊದಲ ಸಂಪುಟ ಮುಗಿದಾಗ ನೋಡಿದರೆ, ಆಗ ಗೊತ್ತಿದ್ದ 63 ಧಾತುಗಳಲ್ಲಿ ವಿವರಿಸಿ ಮುಗಿದದ್ದು ಬರೀ ಎಂಟು! ಉಳಿದ 55ನ್ನು ಒಂದು ಸಂಪುಟದಲ್ಲಿ ಹಿಡಿಸುವುದು ಹೇಗೆ? ಆ ಇಕ್ಕಟ್ಟಿನಲ್ಲಿ ಹುಡುಕಿದ ದಾರಿಯೇ 1869ರ ಆವರ್ತ ಕೋಷ್ಟಕ. ಪಠ್ಯದ ಹೊರೆ ತಾಳಲಾರದ್ದಾಯಿತೆಂದೇ ಅದು ಹುಟ್ಟಿತು.

ಅದರ ಕಸುವು ಎಂಥದೆಂದರೆ, 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಕಂಡುಹಿಡಿದು ಅದರ ಸಾಂದ್ರತೆ 4.7 ಎಂದಾಗ, ಆ ಲೋಹವನ್ನು ಕಣ್ಣಲ್ಲೂ ಕಾಣದ ಮೆಂಡೆಲೀವ್ ಅದು 5.9ರ ಆಸುಪಾಸು ಇರಬೇಕು, ಮತ್ತೆ ಅಳೆಯಿರಿ ಎಂದ. ಶುದ್ಧ ಮಾಡಿ ಮತ್ತೆ ಅಳೆದಾಗ ಬಂದದ್ದು 5.9. ವಿಜ್ಞಾನ ಎಂದರೇನು ಎಂದು ಹದಿನೈದರ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮಕ್ಕಳ ಮೇಲೆ ಹೊರೆ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಇಳಿಸಬೇಕಿದ್ದರೆ ಕಾರಣ ಹೇಳದೆ ಕೊಡುವ ಬಿಡಿಬಿಡಿ ಸಮೀಕರಣಗಳ ಪಟ್ಟಿ ಇಳಿಸಿ, ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವುದನ್ನು ಇಳಿಸಿ. 2023ರ ಹೊಸ ಪಠ್ಯಕ್ರಮ ಚೌಕಟ್ಟಿಗೆ ತಕ್ಕಂತೆ ಪುಸ್ತಕಗಳು ಒಂದೊಂದಾಗಿ ಬದಲಾಗುತ್ತಿವೆ. ಹತ್ತನೇ ತರಗತಿ ಮುಗಿಯುವುದರೊಳಗೆ ಆವರ್ತ ಕೋಷ್ಟಕ ಎಲ್ಲ ಮಕ್ಕಳಿಗೂ ಪೂರ್ಣ ಅಧ್ಯಾಯವಾಗಿಯೇ ಸಿಗಬೇಕು. ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ಅಧ್ಯಯನ ಮಂಡಳಿಗಳು ಇದನ್ನು ಲಿಖಿತವಾಗಿ ಕೇಳಲಿ. ಬುನಾದಿ ಇಲ್ಲದೆ ಬಂದವರ ಮುಂದೆ ಮೊದಲ ಸೆಮಿಸ್ಟರಿನಲ್ಲೇ ಶ್ರೋಡಿಂಗರ್ ಸಮೀಕರಣ ಇಡಬೇಕಾದವರು ಅವರೇ. ಅಲ್ಲಿಯವರೆಗೆ ಆ ಸೆಮಿಸ್ಟರಿನ ಮೊದಲ ಎರಡು ವಾರ ಮೆಂಡೆಲೀವ್‌ಗೆ ಮೀಸಲಿಡಲು ಮಂಡಳಿಗಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ.