ಹೊಡೆದೊಯ್ದ ದನಕ್ಕೆ ಕಾನೂನಿದೆ, ದಾರಿ ತೋರುವವರು ಬೇಕು

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ವಿಜಯಪುರ

ವಿಷಯ: ಅನ್ಯಾಯವಾಗಿ ದನಕರು ಹೊಡೆದೊಯ್ದಾಗ ಒಡೆಯರಿಗೆ ಸಕಾಲದಲ್ಲಿ ಪರಿಹಾರ ಸಿಗುವಂತೆ ಮಾಡುವ ಬಗ್ಗೆ

ಮಾನ್ಯರೇ,

ಸಿಂದಗಿ ತಾಲ್ಲೂಕಿನ ಯಂಕಂಚಿಯಿಂದ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಮ್ಮದು ಮಳೆ ನಂಬಿದ ಎರೆ ಹೊಲಗಳ ಸೀಮೆ. ಬೆಳೆ ಕೈಕೊಟ್ಟ ವರ್ಷ ರೈತರ ಮನೆ ನಡೆಸುವುದು ಆಕಳು, ಎಮ್ಮೆ, ಕುರಿ. ಬದುವಿನ ಜಗಳಕ್ಕೋ ಹಳೆಯ ಸಾಲಕ್ಕೋ ಯಾರಾದರೂ ಅವನ್ನು ಹೊಡೆದುಕೊಂಡು ಹೋದರೆ, ‘ಹಿರಿಯರ ಮುಂದೆ ಕುಂತು ಬಗೆಹರಿಸಿಕೊಳ್ರಿ’ ಎಂಬ ಮಾತೇ ಮೊದಲು ಬರುತ್ತದೆ. ಕುಂತು ಮಾತಾಡುವಷ್ಟರಲ್ಲಿ ದನ ದೂರದ ಸಂತೆ ಸೇರಿರುತ್ತದೆ.

ಬೆಳೆ ಮೇಯ್ದ ದನ ಹಿಡಿಯುವ ಹಕ್ಕು ಹೊಲದವರಿಗಿದೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ಹಕ್ಕಿಗೂ ಮಿತಿಯುಂಟು. 1871ರ ಜಾನುವಾರು ಅತಿಕ್ರಮ ಪ್ರವೇಶ ಕಾಯಿದೆಯಲ್ಲೇ ಹಿಡಿದ ದನವನ್ನು 24 ಗಂಟೆಯೊಳಗೆ ಕೊಂಡವಾಡಕ್ಕೆ ಕಳಿಸಬೇಕೆಂದಿತ್ತು. ಅನ್ಯಾಯವಾಗಿ ಹಿಡಿದಿದ್ದರೆ ಒಡೆಯ 10 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದಿತ್ತು. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕಿತ್ತು. ದಂಡದ ಹಣ ಠೇವಣಿ ಇಟ್ಟು ಮೊದಲು ದನ ಬಿಡಿಸಿಕೊಂಡು, ಆಮೇಲೆ ನ್ಯಾಯ ಕೇಳಲೂ ದಾರಿಯಿತ್ತು. 1966ರಲ್ಲಿ ನಮ್ಮ ರಾಜ್ಯ ತನ್ನದೇ ಕಾಯಿದೆ ತಂದಿತು. ಅದರ ಗಡುವು, ದಂಡದ ದರ, ದೂರು ಕೊಡುವ ಜಾಗ ದನ ಕಳೆದುಕೊಂಡವರಿಗೆ ಗೊತ್ತಾಗುವುದು ಹೇಗೆ? ಗಡುವು ಮೀರಿದ ಮೇಲೆ ತಿಳಿದ ಹಕ್ಕು ಯಾರಿಗೂ ಉಪಯೋಗವಿಲ್ಲ.

ಕೊಂಡವಾಡಕ್ಕೆ ಒಯ್ಯದೆ ಸೀದಾ ತಮ್ಮ ಕೊಟ್ಟಿಗೆಗೆ ಕಟ್ಟಿಕೊಂಡವರ ವಿಷಯ ಬೇರೆ. ಅಪ್ರಾಮಾಣಿಕವಾಗಿ ಒಯ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಕಳವು. ಸಾಲ ವಸೂಲಿಗೆಂದು ಸಾಲಗಾರನ ಸೊತ್ತನ್ನು ಬಲವಂತದಿಂದ ಒಯ್ದರೂ ಕಳವೇ ಎಂದು ಕಲ್ಕತ್ತಾ ಹೈಕೋರ್ಟ್ 1895ರಲ್ಲೇ ಹೇಳಿದೆ. ಠಾಣೆಯಲ್ಲಿ ದೂರು ದಾಖಲಾಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಪೊಲೀಸರು ಹಿಡಿದ ದನವನ್ನು ಮೊಕದ್ದಮೆ ಮುಗಿಯುವ ಮೊದಲೇ ಮಧ್ಯಂತರವಾಗಿ ತನ್ನ ವಶಕ್ಕೆ ಕೊಡುವಂತೆ ಒಡೆಯ ಕೋರ್ಟನ್ನು ಕೇಳಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಡಿ ದನವನ್ನೇ ಮರಳಿಸಿ ಎಂದು ಸಿವಿಲ್ ದಾವೆ ಹೂಡಲು 3 ವರ್ಷ ಕಾಲಾವಕಾಶವಿದೆ. ಆದರೆ ಹಾಲು ಕೊಡುವ ಎಮ್ಮೆ, ಹರಗುವ ಎತ್ತು ಅಷ್ಟು ದಿನ ಬೇರೆಯವರ ಮನೆಯಲ್ಲಿದ್ದರೆ ಬಡವರ ಬದುಕು ನಿಲ್ಲುತ್ತದೆ. ಅದಕ್ಕೇ ಮೊದಲ ವಾರದ ನೆರವು ಮುಖ್ಯ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು:

1. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ದೂರಿನ ಗಡುವು, ದಂಡದ ದರ, ಮ್ಯಾಜಿಸ್ಟ್ರೇಟರ ವಿಳಾಸವನ್ನು ಸರಳ ಕನ್ನಡದಲ್ಲಿ ಫಲಕದ ಮೇಲೆ ಬರೆಸಬೇಕು.
2. ಹಿಡಿದ ಪ್ರತಿ ದನಕ್ಕೆ ದಿನಾಂಕ, ವೇಳೆ, ಹಿಡಿದವರ ಹೆಸರು, ಕಿವಿಯೋಲೆಯ 12 ಅಂಕಿಯ ಸಂಖ್ಯೆ ಇರುವ ರಸೀದಿ ಕೊಡಿಸಬೇಕು.
3. ದನ ಹೋದ ದೂರಿಗೆ ಠಾಣೆಯಲ್ಲಿ ಅದೇ ದಿನ ಸ್ವೀಕೃತಿ ಸಿಗಬೇಕು. ಸುತ್ತಲಿನ ಸಂತೆಗಳಿಗೆ ಸುದ್ದಿ ಮುಟ್ಟಬೇಕು.
4. ತಾಲ್ಲೂಕು ಕಾನೂನು ಸೇವಾ ಸಮಿತಿಯ ಉಚಿತ ವಕೀಲರ ನೆರವು ಹಳ್ಳಿಗಳಿಗೆ ತಲುಪಬೇಕು.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ತಾವು ಪಂಚಾಯಿತಿ, ಪೊಲೀಸ್, ಕಾನೂನು ಸೇವಾ ಸಮಿತಿಯವರನ್ನು ಒಂದೆಡೆ ಕೂಡಿಸಿ ಹೊಣೆ ಹಂಚಿದರೆ ಸಾಕು. ಹಿಂಗಾರು ಬಿತ್ತನೆಗೆ ಮುಂಚೆ ಆ ಸಭೆ ಕರೆಯಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ಯಂಕಂಚಿಯ ಒಬ್ಬ ರೈತ